ಬುಗುರಿ ತಳ್ಳುವವನಿಗೆ ಬಾಗಿಲು ತೋರಿಸಿದವರಾರು?

ಒಂದು ಯೀಸ್ಟಿಗೆ ಸಕ್ಕರೆ ದಕ್ಕುತ್ತಿರಲಿಲ್ಲ. ಇನ್ನೊಂದಕ್ಕೆ ತನ್ನ ಲಿಂಗ ಬದಲಿಸಿಕೊಳ್ಳಲು ಬರುತ್ತಿರಲಿಲ್ಲ. 1980ರ ದಶಕದಲ್ಲಿ ವಿಜ್ಞಾನಿ ಮೇರಿಯನ್ ಕಾರ್ಲ್‌ಸನ್ ಮೊದಲನೆಯದರ ಬೆನ್ನು ಹತ್ತಿದರು, ಐರಾ ಹರ್ಸ್‌ಕೊವಿಟ್ಜ್ ಎರಡನೆಯದರ. ಒಬ್ಬರು ಕಂಡ ಜೀನಿಗೆ ಎಸ್‌ಎನ್‌ಎಫ್-2 ಎಂದು ಹೆಸರಾಯಿತು, ಇನ್ನೊಬ್ಬರು ಕಂಡದ್ದಕ್ಕೆ ಎಸ್‌ಡಬ್ಲ್ಯುಐ-2. ಕೊನೆಗೆ ನೋಡಿದರೆ ಎರಡೂ ಒಂದೇ ಜೀನು! ಸಕ್ಕರೆಗೂ ಲಿಂಗಕ್ಕೂ ಎಲ್ಲಿಂದೆಲ್ಲಿಯ ನಂಟು?

ನಂಟು ಇದ್ದದ್ದು ಡಿಎನ್‌ಎಯ ಸುತ್ತುಗಳಲ್ಲಿ. ಬುಗುರಿಗೆ ಚಾಟಿ ಸುತ್ತಿದ ಹಾಗೆ ಡಿಎನ್‌ಎ ಹಿಸ್ಟೋನ್ ಪ್ರೋಟೀನುಗಳ ಮೇಲೆ ಸುತ್ತಿಕೊಂಡಿರುತ್ತದೆ. ಒಂದು ಬುಗುರಿಗೆ 147 ಅಕ್ಷರಜೋಡಿ; ಎರಡು ಸುತ್ತೂ ಪೂರ್ತಿ ಆಗುವುದಿಲ್ಲ. ಇದೇ ನ್ಯೂಕ್ಲಿಯೋಸೋಮ್. ಜೀನಿನ ಹೊಸ್ತಿಲಾದ ಪ್ರೊಮೋಟರ್ ಮೇಲೆ ಅದು ಕೂತುಬಿಟ್ಟರೆ ಜೀನು ಓದುವ ಯಂತ್ರಕ್ಕೆ ಕಾಲೂರಲು ಜಾಗವೇ ಇಲ್ಲ. ಆ ಎರಡು ಯೀಸ್ಟುಗಳಲ್ಲಿ ಕೆಟ್ಟಿದ್ದು ಈ ಬುಗುರಿಯನ್ನು ಪಕ್ಕಕ್ಕೆ ತಳ್ಳುವ ಯಂತ್ರ.

ಅದರ ದಾಯಾದಿ ಆರ್‌ಎಸ್‌ಸಿ. 1974ರಲ್ಲಿ ನ್ಯೂಕ್ಲಿಯೋಸೋಮಿನ ಕಲ್ಪನೆ ಮುಂದಿಟ್ಟ ರೋಜರ್ ಕಾರ್ನ್‌ಬರ್ಗ್ ಅವರ ಪ್ರಯೋಗಾಲಯದಲ್ಲೇ 1996ರಲ್ಲಿ ಅದೂ ಸಿಕ್ಕಿತು. ಗಂಟು ತೋರಿಸಿದವರ ಮನೆಯಲ್ಲೇ ಗಂಟು ಬಿಚ್ಚುವವನೂ ಸಿಕ್ಕಂತೆ!

ಆದರೆ ಯೀಸ್ಟಿನಲ್ಲಿ ಸುಮಾರು 1.2 ಕೋಟಿ ಅಕ್ಷರಜೋಡಿ, 6000ದಷ್ಟು ಜೀನು. ಈ ಕಾಡಿನಲ್ಲಿ ಬಾಗಿಲು ಸಿಗುವುದು ಹೇಗೆ? ಗುರುತುಗಳಿವೆ. ಪ್ರೊಮೋಟರಿನಲ್ಲಿ ‘ಎ’ ಅಕ್ಷರಗಳ ಸಾಲೋ ‘ಸಿಜಿಸಿಜಿಸಿ’ ಎಂಬ ಒಕ್ಕಣೆಯೋ ಕಂಡರೆ ಆರ್‌ಎಸ್‌ಸಿಗೆ ಒಲವು. ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಅಂಟಿದ್ದರೆ ಅದನ್ನು ಹಿಡಿಯಲು ಬ್ರೋಮೋಡೊಮೇನ್ ಎಂಬ ಪುಟ್ಟ ಕೈಗಳೂ ಅದಕ್ಕಿವೆ.

ಗುರುತು ಇದ್ದರಾಯಿತೆ, ಅಲ್ಲಿಗೆ ತಲುಪಬೇಡವೆ? ನಾನು ಬೆರಗಾದದ್ದು ಇಲ್ಲಿ. ಕಾರ್ಲ್ ವೂ, ಟೇಕ್‌ಜಿಪ್ ಹಾ ಮತ್ತು ಸಂಗಡಿಗರು ಒಂದು ಡಿಎನ್‌ಎ ಎಳೆಯನ್ನು ಬೆಳಕಿನ ಚಿಮಟದಲ್ಲಿ ಬಿಗಿಯಾಗಿ ಹಿಡಿದು, ಯಂತ್ರಗಳಿಗೆ ಹೊಳೆಯುವ ಬಣ್ಣ ಕಟ್ಟಿ, ಒಂದೊಂದನ್ನೇ ನೋಡಿದರು. ಬೆತ್ತಲೆ ಡಿಎನ್‌ಎ ಮೇಲೆ ಆರ್‌ಎಸ್‌ಸಿ ಕುಪ್ಪಳಿಸುತ್ತಿತ್ತು! ಐಎಸ್‌ಡಬ್ಲ್ಯು-2 ಎಂಬ ಇನ್ನೊಂದು ಯಂತ್ರ ಜಾರುತ್ತಿತ್ತು. ಎದುರಿಗೆ ಬುಗುರಿ ಬಂದರೆ ಡಿಕ್ಕಿ ಹೊಡೆದು ವಾಪಸಾಗುವುದು, ಇಲ್ಲವೇ ಅಲ್ಲೇ ಸಿಕ್ಕಿಕೊಳ್ಳುವುದು. ಎಟಿಪಿ ಇಂಧನ ಸಿಕ್ಕಿತೋ, ಬುಗುರಿಯನ್ನು ಸೆಕೆಂಡಿಗೆ ಸುಮಾರು 30 ಅಕ್ಷರಜೋಡಿಯಂತೆ ಸಾಗಿಸುತ್ತವೆ. ಆರ್‌ಎಸ್‌ಸಿ ಆಚೆಗೆ ತಳ್ಳುತ್ತದೆ, ಐಎಸ್‌ಡಬ್ಲ್ಯು-2 ಈಚೆಗೆ ಎಳೆಯುತ್ತದೆ. ಪ್ರೊಮೋಟರಿನ ತೆರವು ಉಳಿದಿರುವುದು ಈ ಜಗ್ಗಾಟದ ನಡುವೆ.

ತಂತಿಯ ಮೇಲಿನ ಆಟವಾಯಿತು. ಬದುಕಿರುವ ಯೀಸ್ಟಿನೊಳಗೆ? 2021ರಲ್ಲಿ ವೂ ತಂಡ ಅದನ್ನೂ ಕಂಡಿತು: ಈ ಯಂತ್ರಗಳು ಕ್ರೊಮ್ಯಾಟಿನ್ (ಬುಗುರಿಗಳಿಗೆ ಸುತ್ತಿಕೊಂಡ ಡಿಎನ್‌ಎ) ಹಿಡಿದು ನಿಲ್ಲುವುದು ಕೆಲವೇ ಸೆಕೆಂಡು. ಇಷ್ಟು ಹುಡುಕಿ ಹಿಡಿದದ್ದನ್ನು ಬಿಡುವುದಕ್ಕೆ ಇಷ್ಟು ಆತುರ! ಅಷ್ಟೇ ಅಲ್ಲ, ಬುಗುರಿ ತಳ್ಳಲು ಬಳಸುವ ಅದೇ ಎಟಿಪಿ, ಹಿಡಿತ ಬಿಡಿಸಿ ಮುಂದಿನ ಬಾಗಿಲ ಹುಡುಕಾಟಕ್ಕೆ ಓಡಿಸಲೂ ಒದಗುತ್ತದೆ.