ಹಳಿಯಾಳ: ಕಾಡಂಚಿನ ಊರಿನ ಚರಿತ್ರೆಯೂ ಕೌದಿಯೂ

ಧಾರವಾಡದಿಂದ ನೈಋತ್ಯ ದಿಕ್ಕಿಗೆ ಹೊರಟವನಿಗೆ ಸುಮಾರು ಒಂದು ಗಂಟೆಯ ಪ್ರಯಾಣದಲ್ಲಿ ನೆಲದ ಮೈಬಣ್ಣವೇ ಬದಲಾಗುವುದು ಕಾಣುತ್ತದೆ. ಜೋಳ ಹತ್ತಿಗಳ ಕಪ್ಪುನೆಲ ಹಿಂದೆ ಸರಿದು, ಕೆಂಪುಮಣ್ಣಿನ ದಿಣ್ಣೆಗಳೂ ಬತ್ತ ಕಬ್ಬುಗಳ ಗದ್ದೆಗಳೂ ಅವುಗಳ ಬೆನ್ನಿಗೇ ತೇಗ ಬಿದಿರುಗಳ ಕಾಡೂ ತಲೆದೋರುತ್ತವೆ. ಈ ಬದಲಾವಣೆಯ ಗೆರೆಯ ಮೇಲೆಯೇ ನೆಲೆನಿಂತ ಊರು ಹಳಿಯಾಳ. ಪೂರ್ವಕ್ಕೆ ಧಾರವಾಡ, ಕಲಘಟಗಿಗಳ ಬಯಲು, ಪಶ್ಚಿಮಕ್ಕೆ ದಾಂಡೇಲಿ, ಜೋಯಿಡಾಗಳ ಅಡವಿ, ಉತ್ತರಕ್ಕೆ ಖಾನಾಪುರ, ದಕ್ಷಿಣಕ್ಕೆ ಯಲ್ಲಾಪುರ. ಸಂತೆಯ ದಿನ ಇಲ್ಲಿನ ಒಂದೇ ಅಂಗಡಿಯ ಮುಂದೆ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಬಯಲುಸೀಮೆಯೂ ಮಲೆನಾಡೂ ಗೋವೆಯ ಹಾದಿಯೂ ಕೂಡುವೆಡೆಯಲ್ಲಿ ಇದು ಸಹಜವೇ ಆಗಿದೆ.

ಗಡಿಯೂರಿಗೆ ಕೋಟೆ ತಪ್ಪದು. ಟಿಪ್ಪು ಸುಲ್ತಾನನ ಪತನದ ತರುವಾಯ, 1800ರಲ್ಲಿ ಧೊಂಡಿಯ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಎನಿಸಿದಾತ, ಮರಾಠಾ ಸೀಮೆಯ ಅಂಚಿನ ಈ ಠಾಣ್ಯವನ್ನು ತನ್ನ ಪತ್ರಗಳಲ್ಲಿ ಹೆಸರಿಸಿದ್ದಾನೆ. 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಹಳಿಯಾಳ ತಾಲೂಕಿಗೆ ಸೇರಿದ್ದ ದಾಂಡೇಲಿ 2018ರಲ್ಲಿ ತಾನೇ ಒಂದು ತಾಲೂಕಾಯಿತು.

ನೆರೆಯ ಊರುಗಳ ಕಥೆಯೂ ಇಷ್ಟೇ ವೈವಿಧ್ಯಪೂರ್ಣವಾದುದು. ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ 1959ರಿಂದ ಉತ್ಪಾದನೆಯನ್ನು ನಡೆಸಿಕೊಂಡು ಬಂದಿದೆ. ಜೋಯಿಡಾ ತಾಲೂಕಿನ ಹಳೆಯ ಸೂಪಾ ಪಟ್ಟಣ ಗಣೇಶಗುಡಿಯ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತು. ಅಲ್ಲಿಂದ ಎದ್ದವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಯಾದರು. ಮುಂಡಗೋಡಿನಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರು ಹೊಲ ಹಸನು ಮಾಡಿ, ಮಠಗಳನ್ನು ಕಟ್ಟಿ, ಜಮಖಾನೆ ನೇಯ್ದು ಬದುಕು ಕಟ್ಟಿಕೊಂಡರು. ನೆಲೆ ಕಳೆದುಕೊಂಡು ಬಂದವರಿಗೆ ಈ ಸೀಮೆ ಹೊಸತಲ್ಲ. ಅವರೆಲ್ಲರಿಗಿಂತ ಬಹಳ ಮೊದಲೇ, ತಮ್ಮ ಇಚ್ಛೆಯಿಂದಲ್ಲದೆ ಸಮುದ್ರ ದಾಟಿ ಬಂದು ಈ ಕಾಡು ಸೇರಿದ ಒಂದು ಜನ ಇಲ್ಲಿದ್ದಾರೆ. ಅವರೇ ಸಿದ್ದಿಗಳು.

ಸಮುದ್ರ ದಾಟಿ ಬಂದವರು

ಆಫ್ರಿಕದಿಂದ ಭಾರತಕ್ಕೆ ಬಂದವರೆಲ್ಲ ದಾಸರಾಗಿಯೇ ಉಳಿಯಲಿಲ್ಲ. ಅಹಮದ್‌ನಗರದ ರಾಜ್ಯವನ್ನು ಮೊಗಲರ ಎದುರು ಕಾಪಾಡಿದ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಆಫ್ರಿಕದಲ್ಲಿ ಹುಟ್ಟಿ ಗುಲಾಮನಾಗಿ ಮಾರಲ್ಪಟ್ಟವನು. ಜಂಜಿರಾದ ಜಲದುರ್ಗವನ್ನು ಆಳಿದವರೂ ಸಿದ್ದಿಗಳೇ. ಆದರೆ ನಮ್ಮ ಕಾಡುಗಳ ಸಿದ್ದಿಗಳ ಹಿರಿಯರು ಹಿಡಿದ ಹಾದಿ ಬೇರೆ. ಅವರಲ್ಲಿ ಬಹುಪಾಲು ಜನರ ಪೂರ್ವಜರು ಪೋರ್ಚುಗೀಸರ ಗೋವೆಗೆ ದಾಸರಾಗಿ ಬಂದು, ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟವನ್ನೇರಿದವರು ಎಂಬುದು ವಿದ್ವಾಂಸರ ಅಭಿಪ್ರಾಯ. 2011ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ಕರ್ನಾಟಕ, ಗುಜರಾತಗಳ ಸಿದ್ದಿಗಳ ಮೂಲವು ಬಾಂಟು ಭಾಷೆಗಳನ್ನಾಡುವ ಆಫ್ರಿಕದ ಜನಾಂಗಗಳಲ್ಲಿ ಇದೆಯೆಂದು ಖಚಿತಪಡಿಸಿತು.

ಗೋವೆಯ ದಾಸರ ಮಾರಾಟವನ್ನು ಕಣ್ಣಾರೆ ಕಂಡು ಬರೆದವನು ಡಚ್ಚರವನಾದ ಯಾನ್ ಹ್ಯುಗೆನ್ ವಾನ್ ಲಿನ್‌ಸ್ಕೋಟೆನ್. 1583ರಿಂದ ಕೆಲವು ವರ್ಷ ಆತನು ಗೋವೆಯ ಮಹಾಧರ್ಮಾಧ್ಯಕ್ಷರ ಬಳಿ ಕಾರ್ಯದರ್ಶಿಯಾಗಿದ್ದನು. ಊರಿನ ಮುಖ್ಯ ಬೀದಿಯಲ್ಲಿ ಇತರ ಸರಕಿನೊಡನೆ ಮನುಷ್ಯರನ್ನೂ ಹರಾಜಿಗೆ ನಿಲ್ಲಿಸುತ್ತಿದ್ದುದನ್ನು ಆತನ ಗ್ರಂಥ ತಿಳಿಸುತ್ತದೆ. ಜ್ಞಾನಸ್ನಾನ ಪಡೆದವನೂ ಮಾರುಕಟ್ಟೆಯ ಸರಕೇ ಆಗಿದ್ದ ಕಾಲವದು. ಕಥೋಲಿಕ ಕುಟುಂಬಗಳು ಈ ಸಂಗತಿಯನ್ನು ಬದಿಗೆ ಸರಿಸಿ ಸಿದ್ದಿಗಳ ಚರಿತ್ರೆಯನ್ನು ಓದಲಾಗದು. 1452ರಲ್ಲಿ ಐದನೆಯ ನಿಕೊಲಸ್ ಪೋಪರು ಪೋರ್ಚುಗಲಿನ ಅರಸನಿಗೆ ಕೊಟ್ಟ ಆಜ್ಞಾಪತ್ರ ಅನ್ಯರನ್ನು ದಾಸ್ಯಕ್ಕೆ ದೂಡಲು ಅನುಮತಿಯಾಯಿತು. 1839ರಲ್ಲಿ ಹದಿನಾರನೆಯ ಗ್ರೆಗರಿ ಪೋಪರು ದಾಸರ ವ್ಯಾಪಾರವನ್ನು ಸ್ಪಷ್ಟವಾಗಿ ಖಂಡಿಸಿದರು. 1452ರಂತಹ ಆಜ್ಞೆಗಳು ಮೂಲನಿವಾಸಿ ಜನಾಂಗಗಳ ಸಮಾನ ಘನತೆಯನ್ನು ಸಾಕಷ್ಟು ಎತ್ತಿಹಿಡಿಯಲಿಲ್ಲವೆಂದು ವ್ಯಾಟಿಕನ್ 2023ರಲ್ಲಿ ಹೇಳಿತು. ಈ ಮಾತುಗಳ ನಡುವೆ ಹಲವು ಶತಮಾನಗಳೇ ಸಂದವು.

ಕಾನೂನು ಕೂಡ ನಿಧಾನವಾಗಿಯೇ ಹೆಜ್ಜೆಯಿಟ್ಟಿತು. ಬ್ರಿಟಿಷ್ ಭಾರತದ ನ್ಯಾಯಾಲಯಗಳಲ್ಲಿ ದಾಸ್ಯಕ್ಕೆ ಮಾನ್ಯತೆ ತಪ್ಪಿದ್ದು 1843ರಲ್ಲಿ. ಪೋರ್ಚುಗೀಸರ ಸಾಮ್ರಾಜ್ಯದಲ್ಲಿ ಅದು ರದ್ದಾದದ್ದು 1869ರಲ್ಲಿ. ಗುಲಾಮಗಿರಿ ಹೋದ ಮೇಲೂ ಸಾಲದ ಜೀತ ಉಳಿಯಿತು. ದೇಶದಲ್ಲಿ ಜೀತಪದ್ಧತಿಯನ್ನು ನಿಷೇಧಿಸುವ ಕಾಯಿದೆ 1976ರದು.

ಇಂದು ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಮುಂತಾದ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಧರ್ಮ ಬೇರೆಯಾದರೂ ಮೂವರ ಮನೆಯಲ್ಲೂ ಕಾಣುವ ಒಂದು ವಸ್ತುವಿದೆ. ಅದು ಕೌದಿ.

ಅಂಚಿನಿಂದ ನಡುವಿಗೆ

ಕೌದಿ ಉತ್ತರ ಕರ್ನಾಟಕದ ಯಾವ ಮನೆಗೂ ಅಪರಿಚಿತವಲ್ಲ. ಅಜ್ಜಿಯ ಹಳೆಯ ಸೀರೆ, ಮೊಮ್ಮಗುವಿನ ಹರಿದ ಅಂಗಿ, ಎಲ್ಲವೂ ಸೇರಿ ಚಳಿಗಾಲಕ್ಕೆ ಹೊದಿಕೆಯಾಗುವ ವಿದ್ಯೆ ನಮ್ಮ ತಾಯಂದಿರಿಗೆ ಗೊತ್ತಿದ್ದುದೇ. ಆದರೆ ಸಿದ್ದಿ ಮಹಿಳೆಯರು ಕವಂದಿ ಎಂದು ಕರೆಯುವ ತಮ್ಮ ಕೌದಿಯನ್ನು ಹೊಲಿಯುವ ಕ್ರಮಕ್ಕೆ ತನ್ನದೇ ಆದ ಲಕ್ಷಣಗಳಿವೆ. ಹಿಂಬದಿಗೆ ಒಂದು ಹತ್ತಿ ಸೀರೆ. ಅದರ ಒಂದು ಮೂಲೆಯಿಂದ ತುಂಡುಬಟ್ಟೆಗಳನ್ನಿಟ್ಟು ಹೊಲಿಯಲಾರಂಭಿಸಿ, ಅಂಚುಗಳ ಗುಂಟ ಸುತ್ತುತ್ತ ಸುತ್ತುತ್ತ ಕಟ್ಟಕಡೆಗೆ ನಡುವನ್ನು ಮುಟ್ಟುತ್ತಾರೆ. ಸೂಜಿ ಮೇಲೆ ಕೆಳಗೆ ಮುಳುಗೇಳುತ್ತ ಸಾಗುವ ಸರಳ ಹೊಲಿಗೆ. ಒಂದರ ಪಕ್ಕಕ್ಕೆ ಇನ್ನೊಂದು ಸಾಲು, ಬಿತ್ತಿದ ಹೊಲದಂತೆ. ಸಾಲುಗಳ ಅಂತರ, ತುಂಡುಗಳ ಗಾತ್ರ, ಬಣ್ಣಗಳ ಜೋಡಣೆ ನೋಡಿದರೆ ಯಾರ ಕೈಯದೆಂದು ಬಲ್ಲವರು ಗುರುತಿಸಬಲ್ಲರು. ಮೊದಲೇ ಬರೆದ ನಕ್ಷೆಯಿಲ್ಲ. ಕೈಗೆ ಸಿಕ್ಕ ಬಟ್ಟೆಯೇ ಮುಂದಿನ ದಾರಿಯನ್ನು ಹೇಳುತ್ತದೆ.

ಕೊನೆಗೆ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಪದರಪದರವಾಗಿ ಮಡಿಸಿ ತ್ರಿಕೋನಗಳನ್ನು ಹೊಲಿಯುತ್ತಾರೆ. ಇವಕ್ಕೆ ಅವರ ಮಾತಿನಲ್ಲಿ ಫುಲಾ, ಅಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಮೈಮೇಲೆ ಬಟ್ಟೆಯಿಲ್ಲದಂತೆ ಎಂದು ಎಣಿಸುವವರಿದ್ದಾರೆ. ಕ್ರೈಸ್ತ ಸಿದ್ದಿ ಮಹಿಳೆಯರ ಕೌದಿಗಳಲ್ಲಿ ಶಿಲುಬೆಯೂ ಮುಸಲ್ಮಾನ ಸಿದ್ದಿ ಮಹಿಳೆಯರ ಕೌದಿಗಳಲ್ಲಿ ಅರ್ಧಚಂದ್ರವೂ ಕಾಣುವುದುಂಟು. ಕೂಸಿಗೆ ಚಿಕ್ಕದು, ಮನೆಮಂದಿಗೆ ದೊಡ್ಡದು. ಹಾಸಲೂ ಅದೇ, ಹೊದೆಯಲೂ ಅದೇ.

ಇದನ್ನು ಬಡವರ ಮಿತವ್ಯಯವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಮಿತವ್ಯಯಕ್ಕೆ ಹೂವು ಬೇಡ. ಹೊದೆಯುವುದಷ್ಟೇ ಉದ್ದೇಶವಾಗಿದ್ದರೆ ಮೂಲೆಯ ತ್ರಿಕೋನಗಳಿಗಾಗಿ ಸಂಜೆಯ ದುಡಿಮೆಯನ್ನು ಯಾರೂ ವ್ಯಯಿಸುತ್ತಿರಲಿಲ್ಲ. ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದಲ್ಲಿ ದಾಸನನ್ನು ಜೀವವುಳ್ಳ ಉಪಕರಣವೆಂಬಂತೆ ಬಗೆದನು. ಕೊಡಲಿಗೂ ದಾಸನಿಗೂ ಉದ್ದೇಶ ಯಜಮಾನನದು ಎಂಬುದು ಆ ವಿಚಾರದ ತಿರುಳು. ಉಪಕರಣವು ತನಗಾಗಿ ಏನನ್ನೂ ಮಾಡಿಕೊಳ್ಳದು. ಮಾಡಿದ್ದು ಸಾಕೇ, ಇನ್ನಷ್ಟು ಚೆಲುವಾಗಬೇಕೇ ಎಂದು ಕೇಳದು. ಸವೆದ ಬಟ್ಟೆಯ ಮೂಲೆಗೆ ಹೂವನ್ನು ಬಯಸಿದ ಕೈ ಆ ಪ್ರಾಚೀನ ವಾದವನ್ನು ಗ್ರಂಥವಿಲ್ಲದೆಯೇ ಅಲ್ಲಗಳೆದಿದೆ ಎಂದು ನಮಗೆ ತೋರುತ್ತದೆ.

ಕಾಗದ ಕೇಳುವ ಕಾಲ

ಕೋಟೆ ಕಟ್ಟಿದವರ ಚರಿತ್ರೆಯನ್ನು ಕಲ್ಲು ಕಾಯುತ್ತದೆ. ಕಾರ್ಖಾನೆ, ಅಣೆಕಟ್ಟೆಗಳ ಚರಿತ್ರೆ ಕಡತಗಳಲ್ಲಿದೆ. ಬರೆಯಲು ಬಾರದವರ, ಬರೆಯಿಸಿಕೊಳ್ಳಲು ಆಗದವರ ಚರಿತ್ರೆ ಎಲ್ಲಿದೆ? ಇದು ಕೇವಲ ಪಂಡಿತರ ಪ್ರಶ್ನೆಯಲ್ಲ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಭೂಮಿಯಲ್ಲಿ ವಾಸವಾಗಿರುವುದನ್ನು ತೋರಿಸಬೇಕು. ಇತರ ಅರಣ್ಯವಾಸಿಗಳಾದರೆ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಹಳಿಯಾಳದ ಗಡಿಯಾಚೆ, ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿರುವ ಅದೇ ಸಿದ್ದಿಗಳಿಗೆ ಆ ಮಾನ್ಯತೆ ದೊರೆತದ್ದು 2020ರಲ್ಲಿ. ಕಾಡಿನಲ್ಲಿ ಯಾರೂ ಕಾಣದ ಒಂದು ಜಿಲ್ಲೆಯ ಗೆರೆ 17 ವರ್ಷಗಳ ಕಾಲ ಬಂಧುಬಳಗವನ್ನು ಎರಡು ವರ್ಗ ಮಾಡಿತ್ತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿಯೆನಿಸಿದರು.

ಕೌದಿ ಯಾವ ಕಚೇರಿಯಲ್ಲೂ ದಾಖಲೆಯಾಗದು. ಆದರೂ ಅದೊಂದು ನೆನಪಿನ ಕೋಶವೇ ಸರಿ. ಯಾರು ಏನನ್ನುಟ್ಟರು, ಯಾವ ಸೀರೆ ಯಾವ ಮದುವೆಯದು ಎಂಬುದನ್ನು ಅದನ್ನು ಹೊಲಿದವಳು ತುಂಡುತುಂಡಾಗಿ ಹೇಳಬಲ್ಲಳು. ಕಲ್ಲಿಗೂ ಕೌದಿಗೂ ಇರುವ ಅಂತರ ಒಂದೇ: ಕಲ್ಲು ಉಳಿಯುತ್ತದೆ, ಕೌದಿ ಸವೆಯುತ್ತದೆ. ಆದುದರಿಂದ ಹೊಲಿಯುವವರಿದ್ದರೆ ಮಾತ್ರ ಅದು ಉಳಿದೀತು.

ಇಂದಿನ ಸಂಕಟ ಇಲ್ಲಿದೆ. ಕಾರ್ಖಾನೆಯ ಚಾದರ ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಹತ್ತಿಯ ಬಟ್ಟೆ ಮನೆಗಳಲ್ಲಿ ಕಡಿಮೆಯಾಗಿದೆ. ಪಾಲಿಯೆಸ್ಟರ್ ತುಂಡುಗಳು ಬೆವರನ್ನು ಹೀರವು. ಹುಡುಗಿಯರು ಶಾಲೆಗೆ, ಆ ಬಳಿಕ ಹುಬ್ಬಳ್ಳಿಗೋ ಗೋವೆಗೋ ಕೆಲಸಕ್ಕೆ ಹೋಗುತ್ತಾರೆ; ಹೋಗಬೇಕಾದುದೇ. ಅವರನ್ನು ಸೂಜಿಗೆ ಕಟ್ಟಿಹಾಕಿ ಕಲೆಯನ್ನು ಉಳಿಸುವುದು ನ್ಯಾಯವಲ್ಲ.

ಇತ್ತ ಹೊರಜಗತ್ತಿನ ಕಣ್ಣು ಈ ಕೌದಿಗಳ ಮೇಲೆ ಬಿದ್ದಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರು ಈ ಭಾಗದಲ್ಲಿ ಅಧ್ಯಯನ ನಡೆಸಿದರು. ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಶಾಂಬರ್ಗ್ ಕೇಂದ್ರದಲ್ಲಿ ಕೌದಿಗಳ ಪ್ರದರ್ಶನ ನಡೆಯಿತು. ದಾಸರಾಗಿ ಅಮೆರಿಕಕ್ಕೆ ಒಯ್ಯಲ್ಪಟ್ಟವರ ಸಂತತಿ, ದಾಸರಾಗಿ ಭಾರತಕ್ಕೆ ತರಲ್ಪಟ್ಟವರ ಸಂತತಿಯ ಹೊಲಿಗೆಯನ್ನು ಅಲ್ಲಿ ಕಂಡಿತು. ಅಮೆರಿಕದ ಕಪ್ಪು ಜನರಲ್ಲಿಯೂ ತುಂಡುಬಟ್ಟೆಯ ಹೊದಿಕೆಗಳ ಹಿರಿದಾದ ಪರಂಪರೆಯಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಮಾರುಕಟ್ಟೆಯಿಂದ ಲಾಭವೂ ಇದೆ, ತೊಡಕೂ ಇದೆ. ಕೊಳ್ಳುವವರು ಹೊಸ ಬಟ್ಟೆಯನ್ನೂ ಒಂದೇ ಅಳತೆಯನ್ನೂ ಒಪ್ಪುವ ಬಣ್ಣವನ್ನೂ ಕೇಳುತ್ತಾರೆ. ಆಗ ಹಣ ಹೊಲಿಯುವವಳ ಕೈಗೆ ಬರುತ್ತದೆ, ಆದರೆ ಮನೆಮಂದಿಯ ನೆನಪು ಬಟ್ಟೆಯಿಂದ ಹೊರಗುಳಿಯುತ್ತದೆ. ಇದಕ್ಕಾಗಿ ಅವಳನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಮಾರಲಿಕ್ಕೆ ಒಂದು, ಮನೆಗೆ ಇನ್ನೊಂದು ಹೊಲಿಯುವಷ್ಟು ಬಿಡುವೂ ತಕ್ಕ ಬೆಲೆಯೂ ಅವಳಿಗೆ ದೊರೆಯುವುದಾದರೆ ಎರಡೂ ಉಳಿದಾವು.

ಈ ಸೀಮೆಯ ಕಥೋಲಿಕ ಕುಟುಂಬಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಅದೇ ದೇವಾಲಯದಲ್ಲಿ, ಅದೇ ಬಲಿಪೂಜೆಯಲ್ಲಿ ಸಿದ್ದಿ ಕುಟುಂಬಗಳೂ ಮೊಣಕಾಲೂರುತ್ತವೆ. ಆದರೆ ಪೂಜೆ ಮುಗಿದ ಮೇಲೆ ಎಷ್ಟು ಮನೆಗಳ ನಡುವೆ ಹೋಗಿಬರುವ ಬಳಕೆಯಿದೆ? ಕೌದಿಯನ್ನು ಕೊಳ್ಳುವಾಗ ಅದು ಎಷ್ಟು ದಿನಗಳ ದುಡಿಮೆಯೆಂದು ಕೇಳಿ ತಿಳಿದು ಬೆಲೆ ಕೊಡೋಣ. ಚೌಕಾಶಿಯನ್ನು ಚಾದರದ ಅಂಗಡಿಗೆ ಬಿಡೋಣ. ಮಕ್ಕಳನ್ನು ಕೋಟೆ ತೋರಿಸಲು ಕರೆದೊಯ್ಯುವಾಗ ಒಂದು ಕೌದಿಯನ್ನೂ ಬಿಡಿಸಿ ತೋರಿಸಿ, ಯಾವ ಸಮುದ್ರವನ್ನು ದಾಟಿ ಬಂದವರ ಮೊಮ್ಮಕ್ಕಳು ಇದನ್ನು ಹೊಲಿದರೆಂದು ತಿಳಿಹೇಳೋಣ. ಅರಣ್ಯ ಹಕ್ಕಿನ ಅರ್ಜಿ ಬರೆಯಲು ಅಕ್ಷರ ಬಲ್ಲವರ ನೆರವು ಇಂದಿಗೂ ಅನೇಕ ಮನೆಗಳಿಗೆ ಬೇಕಾಗಿದೆ. ನಮ್ಮ ಯುವಕ ಯುವತಿಯರು ವಾರಕ್ಕೊಂದು ಸಂಜೆಯನ್ನು ಅದಕ್ಕೆ ಮೀಸಲಿಟ್ಟರೆ ಸಾಕು.