ಮೂರು ಮೀಟರು, ಮೂರು ಲೆಕ್ಕ

ಮಂಡ್ಯದಲ್ಲಿ ನಮ್ಮ ಮನೆ, ಮದ್ದೂರಿನಲ್ಲಿ ತಮ್ಮನ ಜೆರಾಕ್ಸ್ ಅಂಗಡಿ, ಮಳವಳ್ಳಿ ತಾಲ್ಲೂಕಿನಲ್ಲಿ ಅಪ್ಪನ ಪಂಪ್‌ಸೆಟ್. ಮೂರಕ್ಕೂ ಕರೆಂಟು ಕೊಡುವುದು ಒಂದೇ ಸಂಸ್ಥೆ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಹಳಬರ ಬಾಯಲ್ಲಿ ಅದಿನ್ನೂ ಕೆಇಬಿಯೇ. ನಮ್ಮ ಮನೆಗೆ ಬರುವುದು ಸೊನ್ನೆ ಬಿಲ್ಲು. ಅಪ್ಪ ಪಂಪಿಗೆ ದುಡ್ಡು ಕಟ್ಟಬೇಕಿಲ್ಲ. ತಮ್ಮ ಮಾತ್ರ ತಿಂಗಳು ತಿಂಗಳೂ ಕಟ್ಟುತ್ತಾನೆ.

ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಚೀಟಿ, ರಸೀದಿಗಳ ಜೊತೆಗೆ ಕರೆಂಟ್ ಬಿಲ್ಲೂ ನನ್ನ ಮೇಜಿಗೆ ಬರುತ್ತದೆ, ಅದರ ಹಿಂದೆಯೇ ಪ್ರಶ್ನೆಯೂ ಬರುತ್ತದೆ. “ಅಕ್ಕಾ, ಹೋದ ತಿಂಗ್ಳು ಅಂಗ್ಡಿ ಬಾಗ್ಲೇ ತೆಗ್ದಿಲ್ಲ, ಬಿಲ್ಲು ಹೆಂಗ್ ಬಂತು?” ಎಂದು ಕೇಳಿದವರು ಒಬ್ಬಿಬ್ಬರಲ್ಲ.

ಬರುವುದು ನಿಗದಿತ ಶುಲ್ಕದಿಂದ. ಮೀಟರು ಹಾಕಿಸುವಾಗ ಇಷ್ಟು ಕಿಲೋವ್ಯಾಟ್ ಬೇಕು ಎಂದು ಬರೆದುಕೊಟ್ಟಿರುತ್ತೇವಲ್ಲ, ಆ ಮಂಜೂರಾದ ಲೋಡಿನ ಮೇಲೆ ಕಿಲೋವ್ಯಾಟಿಗಿಷ್ಟು ಎಂದು ಪ್ರತಿ ತಿಂಗಳೂ ಅದು ಬೀಳುತ್ತದೆ. ಊಟಕ್ಕೆ ಜನ ಬಂದರೂ ಬಾರದಿದ್ದರೂ ಮದುವೆ ಛತ್ರದ ಬಾಡಿಗೆ ತಪ್ಪುವುದಿಲ್ಲ, ಹಾಗೆ. ಸುಟ್ಟ ಯೂನಿಟ್ಟಿನ ದುಡ್ಡು ಬೇರೆ.

ಅಂಕಿಯಲ್ಲೇ ನೋಡೋಣ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025ರ ಮಾರ್ಚ್ 27ರಂದು ಮೂರು ವರ್ಷಗಳ ದರದ ಆದೇಶ ಹೊರಡಿಸಿತು. ಅದರ ಮೊದಲ ವರ್ಷ, ಅಂದರೆ 2025–26ಕ್ಕೆ, ಮನೆಗಳಿಗೆ ಯೂನಿಟ್ಟಿಗೆ 5.80 ರೂಪಾಯಿ, ಕಿಲೋವ್ಯಾಟಿಗೆ 145 ರೂಪಾಯಿ. ಅಂಗಡಿ, ಹೋಟೆಲುಗಳಿಗೆ ಯೂನಿಟ್ಟಿಗೆ 7 ರೂಪಾಯಿ, ಕಿಲೋವ್ಯಾಟಿಗೆ 215. ಇದರ ಜೊತೆಗೆ ಕೆಪಿಟಿಸಿಎಲ್ ಮತ್ತು ಸರಬರಾಜು ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ. ತಮ್ಮನ ಅಂಗಡಿಯ ಲೋಡು 3 ಕಿಲೋವ್ಯಾಟ್. 150 ಯೂನಿಟ್ ಓಡಿದ ತಿಂಗಳಲ್ಲಿ ನಿಗದಿತ ಶುಲ್ಕ 645, ಯೂನಿಟ್ಟಿನ ಬಾಬ್ತು 1,050, ಪಿಂಚಣಿಯ ಪಾಲು 54, ಒಟ್ಟು 1,749 ರೂಪಾಯಿ. ಅಷ್ಟೇ ಲೋಡಿನ ಮನೆಯಲ್ಲಿ ಅಷ್ಟೇ ಯೂನಿಟ್ ಸುಟ್ಟಿದ್ದರೆ, ಮನೆಗಳಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆ ಇಲ್ಲದೆಯೂ 1,359. ತೆರಿಗೆ ಇದರ ಮೇಲೆ. ಕರೆಂಟು ಖರೀದಿಯ ವೆಚ್ಚ ಏರಿಳಿದಂತೆ ತಿಂಗಳಿಗೊಂದು ಹೊಂದಾಣಿಕೆಯ ಮೊತ್ತವೂ ಸೇರಿಕೊಳ್ಳುತ್ತದೆ. ಅಂಗಡಿ ಪೂರಾ ಮುಚ್ಚಿದ್ದರೂ ಆ ದರದಲ್ಲಿ 645 ರೂಪಾಯಿ ಕಟ್ಟಲೇಬೇಕು.

“ದರ ಇಳಿದಿದೆ” ಎಂದು ಪತ್ರಿಕೆಯಲ್ಲಿ ಓದಿದವರು ಬಿಲ್ಲು ನೋಡಿ ಗಲಿಬಿಲಿಗೊಳ್ಳುವುದೂ ಇಲ್ಲೇ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಮನೆಯ ಯೂನಿಟ್ ದರ 5.90ರಿಂದ 10 ಪೈಸೆ ಇಳಿಯಿತು, ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿತು. ಕಡಿಮೆ ಸುಡುವವರಿಗೆ ಇದು ಹೊರೆಯೇ. ಒಂಟಿ ಮುದುಕಿಯ ಮನೆಗೆ 10 ಪೈಸೆಯ ಇಳಿತದಿಂದ ಏನೂ ಉಳಿಯುವುದಿಲ್ಲ, 25 ರೂಪಾಯಿಯ ಏರಿಕೆ ನೇರವಾಗಿ ತಟ್ಟುತ್ತದೆ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಹಿಂದಿನ ಪದ್ಧತಿ ಚೆನ್ನಾಗಿತ್ತು ಎನ್ನಲಾರೆ. 2023–24ರಲ್ಲಿ ಮನೆಗಳಿಗೆ 100 ಯೂನಿಟ್‌ವರೆಗೆ 4.75 ರೂಪಾಯಿ ಇತ್ತು. ನೂರು ದಾಟಿದರೆ ಅಷ್ಟೂ ಯೂನಿಟ್ಟಿಗೆ 7 ರೂಪಾಯಿ. 100 ಯೂನಿಟ್ಟಿಗೆ 475 ರೂಪಾಯಿ ಆಗುವ ಕಡೆ 101ಕ್ಕೆ 707 ಆಗುತ್ತಿತ್ತು! 2024ರ ಏಪ್ರಿಲ್‌ನಲ್ಲಿ ಅದು ಹೋಗಿ ಎಲ್ಲ ಯೂನಿಟ್ಟಿಗೂ ಒಂದೇ ದರ ಬಂದದ್ದು ಒಳ್ಳೆಯದಾಯಿತು.

ಲೋಡಿನ ಮೇಲೆ ದುಡ್ಡು ಕೇಳುವ ಕ್ರಮ ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ. ಅದು ಮುಗಿಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ತಂತಿಯ ಉದ್ದ ಸುಮಾರು 147 ಕಿಲೋಮೀಟರ್. ಗಣಿ ಕಂಪನಿಯ ಜೊತೆ ಆದ ಕರಾರಿನಲ್ಲಿ ಯೂನಿಟ್ಟಿನ ಮಾತಿರಲಿಲ್ಲ, ಅಶ್ವಶಕ್ತಿಗೆ ವರ್ಷಕ್ಕಿಷ್ಟು ಎಂಬ ದರವಿತ್ತು. 1905ರಲ್ಲಿ ಬೆಂಗಳೂರಿಗೂ ಅದೇ ಕರೆಂಟಿನಿಂದ ದೀಪ ಹತ್ತಿತು. ಜಲಪಾತದ ಮಗ್ಗುಲಿನ ನಮ್ಮ ಹಳ್ಳಿಗಳು ಮಾತ್ರ ಎಷ್ಟೋ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಇದ್ದವು. ಅಪ್ಪ ಓದಿದ್ದೂ ಆ ಬೆಳಕಿನಲ್ಲೇ.

ಇವತ್ತು ಅಪ್ಪನ ಪಂಪಿಗೆ ಕರೆಂಟು ಉಚಿತ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳ ಖರ್ಚನ್ನು ಸರ್ಕಾರ ಸಹಾಯಧನವಾಗಿ ಕಂಪನಿಗೆ ತುಂಬಿಕೊಡಬೇಕು. ನಾಲೆಯ ಕೊನೆ ಭಾಗದಲ್ಲಿ ಕಬ್ಬು, ರಾಗಿ ಬೆಳೆಯುವವರಿಗೆ ಅದಿಲ್ಲದೆ ಬದುಕಿಲ್ಲ. ಇದನ್ನು ಬಿಟ್ಟಿ ಎಂದು ಹೀಗಳೆಯುವವರ ಜೊತೆ ನಾನಿಲ್ಲ.

ನಮ್ಮ ಮನೆಯ ಸೊನ್ನೆ ಬಿಲ್ಲು 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿಯದು. ಬಹಳ ಜನ ಎಲ್ಲರಿಗೂ 200 ಯೂನಿಟ್ ಉಚಿತ ಎಂದೇ ತಿಳಿದಿದ್ದಾರೆ. ಹಾಗಿಲ್ಲ. 2022–23ರಲ್ಲಿ ನಮ್ಮ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ಮಿತಿ ಹಾಕಿದರು. ಸರಾಸರಿ 90 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ 2024ರ ಆರಂಭದಲ್ಲಿ ಶೇ 10ರ ಬದಲು 10 ಯೂನಿಟ್ ಎಂದು ಬದಲಾಯಿಸಿದರು. ನಮ್ಮದು 80 ಇತ್ತು, ಹಾಗಾಗಿ ಮಿತಿ 90. ಬೇಸಿಗೆಯಲ್ಲಿ 120 ಆದರೆ ಮೇಲಿನ 30ಕ್ಕೆ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ.

ಅಂಗಡಿಯವರಿಗೆ ಇಂಥ ಯಾವುದೂ ಇಲ್ಲ. ಬೇಕರಿ, ಟೈಲರಿಂಗ್, ಮದ್ದೂರು ವಡೆ ಕರಿಯುವ ಪುಟ್ಟ ಹೋಟೆಲು, ಎಲ್ಲರೂ ಪೂರ್ತಿ ಕಟ್ಟುವವರು. ಅವರ ಯೂನಿಟ್ ದರ 2023ರಲ್ಲಿ 8.50, ಮರುವರ್ಷ 8, ಆಮೇಲೆ 7 ರೂಪಾಯಿಗೆ ಇಳಿದದ್ದು ಸಮಾಧಾನ. ಆದರೆ ಅವರ ಕೈಯಲ್ಲೇ ಇರುವ ಒಂದು ಉಳಿತಾಯ ಅವರ ಗಮನಕ್ಕೆ ಬಂದಿರುವುದಿಲ್ಲ. ಬಿಲ್ಲಿನಲ್ಲಿ ಮಂಜೂರಾದ ಲೋಡಿನ ಜೊತೆಗೆ ಎಂ.ಡಿ. ಎಂದೊಂದು ಅಂಕಿ ಇರುತ್ತದೆ. ಆ ತಿಂಗಳು ನೀವು ಒಂದೇ ಹೊತ್ತಿನಲ್ಲಿ ಎಳೆದ ಅತಿ ಹೆಚ್ಚಿನ ಲೋಡು ಅದು. ತಮ್ಮನ ಹಳೇ ಬಿಲ್ಲುಗಳನ್ನೆಲ್ಲ ಹರಡಿಕೊಂಡು ನೋಡಿದೆ. ಮಂಜೂರಾದದ್ದು 3, ಎಂ.ಡಿ. ಎಂದೂ 2 ಮುಟ್ಟಿರಲಿಲ್ಲ. ಲೋಡು ಇಳಿಸಲು ಉಪವಿಭಾಗದ ಕಚೇರಿಗೆ ಅರ್ಜಿ ಹಾಕು ಎಂದೆ. 2025–26ರ ದರದಲ್ಲಿ ಒಂದು ಕಿಲೋವ್ಯಾಟ್ ಇಳಿದರೆ ತಿಂಗಳಿಗೆ 215, ವರ್ಷಕ್ಕೆ 2,580 ರೂಪಾಯಿ ಉಳಿಯುತ್ತದೆ. ಎಂ.ಡಿ. ಲೋಡನ್ನು ಮೀರುತ್ತಿದ್ದರೆ ಮಾತ್ರ ಇಳಿಸುವ ಯೋಚನೆ ಬೇಡ.

ಇನ್ನೊಂದು ಮಾತು. ದರ ಏರಿಸುವುದು ಇಳಿಸುವುದು ಬಿಲ್ಲು ಕೊಡಲು ಬರುವ ಮೀಟರ್ ರೀಡರ್ ಕೈಯಲ್ಲಿಲ್ಲ, ಅವರ ಮೇಲೆ ರೇಗಬೇಡಿ. ಕಂಪನಿ ಆಯೋಗದ ಮುಂದೆ ಪ್ರಸ್ತಾವ ಇಟ್ಟಾಗ ಆಕ್ಷೇಪಣೆ ಕರೆದು ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಆಮೇಲೆ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಯಾವ ಗ್ರಾಹಕರೂ ಅಲ್ಲಿ ಮಾತಾಡಬಹುದು, ವಕೀಲರು ಬೇಕಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ವರ್ತಕರ ಸಂಘದವರೂ ಮಹಿಳಾ ಸಂಘದವರೂ ಮುಂದಿನ ಪ್ರಕಟಣೆಗೆ ಒಂದೊಂದು ಪುಟವಾದರೂ ಬರೆದು ಕಳಿಸಿ. ಕಡಿಮೆ ಸುಡುವವರ ನಿಗದಿತ ಶುಲ್ಕ ಇಳಿಸಿ ಎಂದು ಅದರಲ್ಲಿ ಸ್ಪಷ್ಟವಾಗಿ ಕೇಳಿ.