ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಗರ್ಭದಲ್ಲಿರುವ ಮಗುವಿನ ಹೃದಯ ಬಡಿತ ಶುರುವಾಗುತ್ತದೆಯೇ?

‘ಆರನೇ ವಾರದ ಸ್ಕ್ಯಾನ್‌ನಲ್ಲಿ ಹೃದಯ ಬಡಿತ ಕಾಣಲಿಲ್ಲವೇ? ತಾಯಿಗೆ ಕ್ಯಾಲ್ಸಿಯಂ ಸಾಲದು, ಕೂಡಲೇ ಮಾತ್ರೆ ಕೊಡಿ’ – ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಕ್ಯಾಲ್ಸಿಯಂ ಇಲ್ಲದೆ ಹೃದಯ ಬಡಿಯುವುದಿಲ್ಲ ಎಂಬುದು ನಿಜ. ಆದರೆ ಮಾತ್ರೆಯಿಂದ ಬಡಿತ ಶುರುವಾಗುತ್ತದೆ ಎಂಬುದು ತಪ್ಪು.

ನಿಜ ಎಷ್ಟು?

ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ಪರೀಕ್ಷಿಸುತ್ತಿದ್ದರು. ನಲ್ಲಿ ನೀರಿನಿಂದ ಮಾಡಿದ ದ್ರಾವಣದಲ್ಲಿ ಹೃದಯ ಬಡಿಯುತ್ತಲೇ ಇತ್ತು. ಭಟ್ಟಿ ಇಳಿಸಿದ ನೀರಿನಲ್ಲಿ ಬೇಗ ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಇದಕ್ಕೆ ಕಾರಣ ಎಂದು ಅವರು 1883ರಲ್ಲಿ ಪ್ರಕಟಿಸಿದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ‘ರಿಂಗರ್ ಲ್ಯಾಕ್ಟೇಟ್’ ಬಾಟಲಿಯ ಮೇಲಿರುವುದು ಇವರದೇ ಹೆಸರು.

ಮೊದಲ ಬಡಿತ ಹೇಗೆ?

ಗರ್ಭ ಕಟ್ಟಿದ ಸುಮಾರು 22ನೇ ದಿನ ಭ್ರೂಣದ ಹೃದಯ ಬಡಿಯತೊಡಗುತ್ತದೆ. ಆಗಿನ್ನೂ ಮೆದುಳಿನಿಂದ ಹೃದಯಕ್ಕೆ ನರಗಳೇ ಬಂದಿರುವುದಿಲ್ಲ. ಸ್ನಾಯುಕೋಶಗಳು ತಾವಾಗಿಯೇ ಬಡಿಯುತ್ತವೆ.

ಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚಿರುತ್ತದೆ. ಕೋಶದ ಪೊರೆಯಲ್ಲಿರುವ ಪುಟ್ಟ ಬಾಗಿಲುಗಳು ತೆರೆದಾಗ ಅದು ಒಳನುಗ್ಗಿ, ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ಕೋಶ ಕುಗ್ಗುತ್ತದೆ. ಕ್ಯಾಲ್ಸಿಯಂ ಹೊರಹೋದಾಗ ಸಡಿಲವಾಗುತ್ತದೆ. ಇದೇ ಒಂದು ಬಡಿತ.

ಆಕ್ಸ್‌ಫರ್ಡ್ ವಿಜ್ಞಾನಿಗಳು 2016ರಲ್ಲಿ ಇಲಿಯ ಭ್ರೂಣದಲ್ಲಿ ಇನ್ನೊಂದು ಸಂಗತಿ ಕಂಡರು. ಹೃದಯ ಬಡಿಯುವ ಮೊದಲೇ ಕೆಲವು ಕೋಶಗಳಲ್ಲಿ ಕ್ಯಾಲ್ಸಿಯಂ ಬಿಡಿಬಿಡಿಯಾಗಿ ಏರಿಳಿಯುತ್ತಿತ್ತು. ಅದನ್ನು ತಡೆದಾಗ ಹೃದಯದ ಬೆಳವಣಿಗೆಗೇ ಪೆಟ್ಟು ಬಿತ್ತು. ಅಂದರೆ ಕ್ಯಾಲ್ಸಿಯಂ ಬಡಿತಕ್ಕಷ್ಟೇ ಅಲ್ಲ, ಹೃದಯ ರೂಪುಗೊಳ್ಳಲೂ ಬೇಕು.

ಹಾಗಾದರೆ ಮಾತ್ರೆ ಯಾಕಲ್ಲ?

ನೀವು ನುಂಗಿದ ಮಾತ್ರೆ ನೇರವಾಗಿ ಭ್ರೂಣದ ಹೃದಯಕ್ಕೆ ಹೋಗುವುದಿಲ್ಲ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಾಯಿಯ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುತ್ತವೆ. ಕಡಿಮೆಯಾದರೆ ಮೂಳೆಯಿಂದ ತೆಗೆದು ಸರಿದೂಗಿಸುತ್ತವೆ. ಕಾಳಿನಷ್ಟೂ ಇಲ್ಲದ ಭ್ರೂಣಕ್ಕೆ ಅಷ್ಟು ಧಾರಾಳ ಸಾಕು.

ನಮ್ಮ ಸರ್ಕಾರಿ ಮಾರ್ಗಸೂಚಿಯಲ್ಲೂ ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆ ಶುರುವಾಗುವುದು 14ನೇ ವಾರದಿಂದ. ಅಷ್ಟರಲ್ಲಿ ಹೃದಯ ಬಡಿಯತೊಡಗಿ ಎರಡು ತಿಂಗಳಾಗಿರುತ್ತದೆ! ಆ ಮಾತ್ರೆ ಮೂಳೆಗಾಗಿ, ಬಸುರಿಯಲ್ಲಿ ಬಿಪಿ ಏರುವ ಅಪಾಯ ತಗ್ಗಿಸುವುದಕ್ಕಾಗಿ. ಅದನ್ನು ಬಿಡಬೇಡಿ. ಕಬ್ಬಿಣದ ಮಾತ್ರೆಯ ಜೊತೆಗೇ ನುಂಗಬೇಡಿ, ಎರಡು ಗಂಟೆ ಅಂತರವಿರಲಿ.

ಬಡಿತ ಕಾಣದಿದ್ದರೆ?

ಗಾಬರಿ ಬೇಡ. ಮುಟ್ಟಿನ ದಿನ ಲೆಕ್ಕ ತಪ್ಪಿದ್ದರೆ ಗರ್ಭ ನೀವಂದುಕೊಂಡದ್ದಕ್ಕಿಂತ ಚಿಕ್ಕದಿರಬಹುದು. ಯೋನಿಯ ಮೂಲಕ ಮಾಡಿದ ಸ್ಕ್ಯಾನ್‌ನಲ್ಲಿ ಭ್ರೂಣ 7 ಮಿ.ಮೀ.ಗಿಂತ ಚಿಕ್ಕದಿದ್ದರೆ, ವೈದ್ಯರು ಕನಿಷ್ಠ ಒಂದು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಈ ನಡುವೆ ರಕ್ತಸ್ರಾವ ಅಥವಾ ವಿಪರೀತ ಹೊಟ್ಟೆನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಒಂದು ವೇಳೆ ಗರ್ಭ ನಿಲ್ಲದಿದ್ದರೂ ತಾಯಿಯನ್ನು ದೂರಬೇಡಿ. ಆರಂಭದ ಗರ್ಭಪಾತಗಳಿಗೆ ಅತಿ ಸಾಮಾನ್ಯ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಆಕೆ ಹಾಲು ಕುಡಿಯದ್ದಲ್ಲ, ಮಾತ್ರೆ ಮರೆತದ್ದೂ ಅಲ್ಲ. ಫಾರ್ವರ್ಡ್ ಮಾಡುವುದೇ ಆದರೆ ಈ ಮಾತನ್ನು ಮಾಡಿ.